ಚೀಲದಲ್ಲಿ ಸಿಕ್ಕ ನಾಲ್ಕು ಇಡ್ಲಿ

ಸಮುದ್ರ ಕಂಡರೆ ನನಗೆ ಭಯ. ಮದ್ರಾಸಿನ ಮೈಲಾಪುರದಲ್ಲಿ ಹುಟ್ಟಿ, ಮೈಲಾಪುರಕ್ಕೇ ಸೊಸೆಯಾಗಿ ಬಂದು, ಅಲ್ಲೇ ಅರವತ್ತಕ್ಕೆ ಹತ್ತಿರವಾಗುತ್ತಿರುವ ಹೆಂಗಸು ಹೀಗೆ ಹೇಳಿದರೆ ಜನ ನಗುತ್ತಾರೆ. ನಮ್ಮ ಮನೆಯಿಂದ ಕಡಲ ದಂಡೆಗೆ ಇಪ್ಪತ್ತು ನಿಮಿಷದ ದಾರಿ. ಸುನಾಮಿ ಬಂದ ಬೆಳಿಗ್ಗೆ ನಮ್ಮ ಬೀದಿಯವರೆಗೂ ಓಡಿಬಂದವರನ್ನು ಬಾಲ್ಕನಿಯಲ್ಲಿ ನಿಂತು ನೋಡಿದ್ದೇನೆ. ಒಬ್ಬ ಹೆಂಗಸು ಕೈಯಲ್ಲಿ ಖಾಲಿ ಬಿಂದಿಗೆ ಹಿಡಿದುಕೊಂಡೇ ಓಡುತ್ತಿದ್ದಳು. ಅದಾದ ಮೇಲೆ ಬೀಚಿಗೆ ಹೋದರೂ ರಸ್ತೆ ಪಕ್ಕದ ಕಟ್ಟೆ ಬಿಟ್ಟು ನಾನು ಮುಂದೆ ಹೋದವಳಲ್ಲ. ಸುಂಡಲ್, ಅಂದರೆ ಕಡಲೆ ಉಸಲಿ, ತಿನ್ನುವುದಕ್ಕೆ ಕಾಲು ಒದ್ದೆಯಾಗಬೇಕಾಗಿಲ್ಲವಲ್ಲ.

ಹೆದರುವುದರಲ್ಲಿ ನನ್ನದು ಎತ್ತಿದ ಕೈ. ಗ್ಯಾಸ್ ಸಿಲಿಂಡರು, ಲಿಫ್ಟು, ಮಗಳ ಸ್ಕೂಟರು, ಯಜಮಾನರ ಸಕ್ಕರೆ ಕಾಯಿಲೆ, ಎಲ್ಲದಕ್ಕೂ ಹೆದರುತ್ತೇನೆ. ಇನ್ಶೂರೆನ್ಸ್ ಆಫೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಕ್ಲೇಮ್ ಫೈಲುಗಳನ್ನು ಓದಿದವಳು ನಾನು. ಜನ ಹೇಗೆ ಹೇಗೆಲ್ಲ ಸಾಯಬಹುದು ಎನ್ನುವುದು ನನಗೆ ಗೊತ್ತಿರುವಷ್ಟು ಯಮನಿಗೂ ಗೊತ್ತಿರಲಿಕ್ಕಿಲ್ಲ. ಆದರೆ ಭಯವಾದಾಗ ನಾನು ಅಳುವವಳಲ್ಲ, ಬೈಯುವವಳು. ಮಗಳ ಗಾಡಿ ಹತ್ತು ನಿಮಿಷ ತಡವಾದರೆ ಬಾಗಿಲಲ್ಲೇ ನಿಂತು ಬೈದು, ಆಮೇಲೆ ಒಳಗೆ ಹೋಗಿ ದೇವರಿಗೆ ತುಪ್ಪದ ದೀಪ ಹಚ್ಚುತ್ತೇನೆ. ದೀಪ ಹಚ್ಚಿದ್ದು ಯಾರಿಗೂ ಕಾಣುವುದಿಲ್ಲ, ಬೈದದ್ದು ಮಾತ್ರ ಅಕ್ಕಪಕ್ಕದ ಮನೆಗೂ ಕೇಳಿಸುತ್ತದೆ.

ಇಂಥವಳನ್ನು ಕಟ್ಟಿಕೊಂಡು ಕಡಲ ತೀರದ ಕುಪ್ಪಂಗಳನ್ನು ಸುತ್ತುವ ಯೋಚನೆ ಮಾಡಿದ್ದು ನಮ್ಮ ಮಗಳು. ಕುಪ್ಪಂ ಎಂದರೆ ಮೀನುಗಾರರ ಹಳ್ಳಿ. ಅವಳು ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಾಳೆ. ದೋಣಿಗಳ ಮೂತಿಯ ಮೇಲೆ ಮೀನುಗಾರರು ಬರೆಸಿಕೊಳ್ಳುವ ಕಣ್ಣು, ಮೀನು, ದೇವರು ಇವನ್ನೆಲ್ಲ ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವ ಹುಚ್ಚು ಅವಳಿಗೆ. ಶನಿವಾರ ಬೆಳಿಗ್ಗೆ ಹೊರಟು, ದಾರಿಯಲ್ಲಿ ಸಿಕ್ಕ ಕುಪ್ಪಂಗಳಲ್ಲೆಲ್ಲ ನಿಂತು, ಪಾಂಡಿಚೇರಿಯಲ್ಲಿ ತಂಗಿ, ಭಾನುವಾರ ಸಂಜೆ ವಾಪಸ್ಸು ಎಂದಳು. ನಾನು ಗೊಣಗಿದೆ. “ಅಪ್ಪಾಕ್ಕು ಒರು ಚೇಂಜ್ ವೇಣುಂ ಮಾ” ಎಂದಳು, ಅಪ್ಪನಿಗೆ ಒಂದು ಬದಲಾವಣೆ ಬೇಕು ಎಂದು. ನಮ್ಮ ಮನೆಯಲ್ಲಿ ನಾನು ಕನ್ನಡದಲ್ಲಿ ಬೈಯುತ್ತೇನೆ, ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ, ಯಜಮಾನರು ಎರಡೂ ಭಾಷೆಯಲ್ಲಿ ಸುಮ್ಮನಿರುತ್ತಾರೆ. ಆಗ ನಮ್ಮತ್ತೆಯ ವರ್ಷಾಬ್ದಿಕ ಮುಗಿದು ಒಂದು ತಿಂಗಳಾಗಿತ್ತು. ಅಮ್ಮ ಹೋದ ಮೇಲೆ ಇವರು ಇನ್ನಷ್ಟು ಮೌನವಾಗಿದ್ದರು. ಅವಳು ಹೇಳಿದ್ದೂ ಸರಿ ಎನಿಸಿ ಒಪ್ಪಿಕೊಂಡೆ.

ಇವರ ಮಾತ್ರೆಯ ವಿಷಯ ಇಲ್ಲಿ ಹೇಳಲೇಬೇಕು. ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಬೆಳಿಗ್ಗೆ ತಿಂಡಿಗೆ ಮೊದಲು ಒಂದು ಮಾತ್ರೆ. ಅದನ್ನು ನುಂಗಿದ ಮೇಲೆ ತಿನ್ನಲೇಬೇಕು. ತಿನ್ನದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತಾ ಹೋಗಿ ಮನುಷ್ಯ ಕುಸಿದುಬೀಳುತ್ತಾನೆ. ಎರಡು ವರ್ಷದ ಹಿಂದೆ ಮಾವನವರ ಶ್ರಾದ್ಧದ ದಿನ ಹೀಗೇ ಆಯಿತು. ಅಭ್ಯಾಸಬಲದಿಂದ ಬೆಳಿಗ್ಗೆ ಮಾತ್ರೆ ನುಂಗಿಬಿಟ್ಟರು. ಪುರೋಹಿತರು ಬಂದದ್ದು ತಡ, ಎಲೆ ಹಾಕುವ ಹೊತ್ತಿಗೆ ಮಧ್ಯಾಹ್ನ ಎರಡು ಗಂಟೆ. ಅಷ್ಟರಲ್ಲಿ ಇವರು ಬಚ್ಚಲಲ್ಲಿ ಬಿದ್ದಿದ್ದರು. ಹಣೆಗೆ ಮೂರು ಹೊಲಿಗೆ. “ಇನ್ನು ಸ್ವಲ್ಪ ಹೊತ್ತು ಹೋಗಿದ್ದರೆ ಕಷ್ಟವಾಗುತ್ತಿತ್ತು” ಎಂದರು ಡಾಕ್ಟರು. ಅವತ್ತಿನಿಂದ ಮಾತ್ರೆಯ ಡಬ್ಬಿ ನನ್ನ ವಶ. ಬೆಳಿಗ್ಗೆ ನಾನೇ ಅಂಗೈಗೆ ಹಾಕಿ, ಗಂಟಲಲ್ಲಿ ಇಳಿಯುವವರೆಗೂ ಎದುರಿಗೆ ನಿಂತಿರುತ್ತೇನೆ. ನನ್ನ ಕೈಚೀಲದಲ್ಲಿ ಗ್ಲೂಕೋಸ್ ಪುಡಿಯ ಪೊಟ್ಟಣ ಯಾವಾಗಲೂ ಇರುತ್ತದೆ.

ಆ ಶನಿವಾರವೂ ಆರು ಗಂಟೆಗೆ ಮಾತ್ರೆ ಕೊಟ್ಟೆ. ನುಂಗಿದರು. ತಟ್ಟೆಯಲ್ಲಿ ನಾಲ್ಕು ಇಡ್ಲಿ, ಚಟ್ನಿಪುಡಿ, ಎಣ್ಣೆ ಇಟ್ಟು ನಾನು ಸ್ನಾನಕ್ಕೆ ಹೋದೆ. ಬಂದು ನೋಡಿದರೆ ತಟ್ಟೆ ತೊಳೆದು ಬೋರಲು ಹಾಕಿತ್ತು. ಮೂವತ್ತನಾಲ್ಕು ವರ್ಷದ ಸಂಸಾರದಲ್ಲಿ ಇವರು ತಟ್ಟೆ ತೊಳೆದದ್ದು ಅದೇ ಮೊದಲು. ಊರು ಸುತ್ತುವ ಖುಷಿ ಇರಬೇಕು ಎಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಮಗಳು ಕಾರು ಓಡಿಸಿದಳು. ಕೋವಳಂ ಕುಪ್ಪಂನಲ್ಲಿ ಮೊದಲು ನಿಂತೆವು. ಅವಳು ದೋಣಿಗಳ ಮುಂದೆ ಕೂತು ಚಿತ್ರ ಬರೆದಳು. ನಾನು ಅಂಗಡಿಯ ನೆರಳಿನಲ್ಲಿ ನಿಂತು ಕಾಫಿ ಹೇಳಿದೆ. ಇವರು “ಬೇಡ, ಹೊಟ್ಟೆ ಭಾರ” ಎಂದರು. ಮಹಾಬಲಿಪುರ ದಾಟಿದ ಮೇಲೆ ಇನ್ನೊಂದು ಕುಪ್ಪಂ. ಅಲ್ಲಿ ಎಳನೀರು ಕೆತ್ತಿಸಿದರೆ ಅದೂ ಬೇಡ, ಆಮೇಲೆ. “ಅರವತ್ತಕ್ಕೆ ಅರಳುಮರಳು ಅಂತಾರೆ, ನಿಮಗೆ ಎಳನೀರೂ ಸೇರ್ದೇ ಹೋಯ್ತಾ?” ಎಂದೆ. ನಕ್ಕರು. ತುಟಿ ಒಣಗಿತ್ತು. ಕಡಲ ಗಾಳಿಗೆ ಹಾಗಾಗಿದೆ ಎಂದುಕೊಂಡು ಅವರ ಪಾಲಿನ ಎಳನೀರನ್ನೂ ನಾನೇ ಕುಡಿದೆ. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತದೆ.

ಪಾಲಾರ್ ಸೇತುವೆ ದಾಟಿ, ಗಾಳಿಮರದ ತೋಪಿನ ನಡುವೆ ಮಣ್ಣು ರಸ್ತೆಯಲ್ಲಿ ಇಳಿದು, ಹತ್ತೂವರೆಗೆ ಮೂರನೆಯ ಕುಪ್ಪಂ ಸೇರಿದೆವು. ಮೂವತ್ತು ನಲವತ್ತು ಮನೆ, ಒಂದು ಅಮ್ಮನ ಗುಡಿ, ಬಲೆ ಹೊಲಿಯುವವರಿಗೆ ಒಂದು ಚಪ್ಪರ. ಬೆಳಗಿನ ಮೀನು ಮಾರಾಟ ಮುಗಿದು ದೋಣಿಗಳೆಲ್ಲ ಮರಳಿನ ಮೇಲೆ ಬಿದ್ದಿದ್ದವು. ನಲವತ್ತರ ಆಸುಪಾಸಿನ ಒಬ್ಬ ಮೀನುಗಾರ ಮಾತ್ರ ಫೈಬರ್ ದೋಣಿಗೆ ಎಂಜಿನ್ ಕಟ್ಟುತ್ತಿದ್ದ. ಹಿಂದಿನ ದಿನ ಹಾಕಿದ ಏಡಿ ಬಲೆಯನ್ನು ಎತ್ತಿಕೊಂಡು ಬರಬೇಕು, ಒಂದು ಗಂಟೆಯ ಕೆಲಸ ಎಂದ. ಅವನ ಮುದುಕಿ ತಾಯಿ ಪಕ್ಕದಲ್ಲಿ ಚಾಪೆಯ ಮೇಲೆ ಮೀನು ಒಣಗಹಾಕುತ್ತಿದ್ದಳು.

“ನಾನೂ ಬರಬಹುದಾ?” ಎಂದು ಇವರು ಅವನನ್ನು ತಮಿಳಿನಲ್ಲಿ ಕೇಳಿದರು.

ಬ್ಯಾಂಕಿನ ಕೌಂಟರಿನ ಹಿಂದೆ ಆಯುಷ್ಯ ಕಳೆದವರು, ಮರೀನಾದಲ್ಲಿ ಮೊಣಕಾಲಿನವರೆಗೂ ಇಳಿದವರಲ್ಲ.

“ಬೇಡಾರೀ. ಈಜು ಬರತ್ತಾ ನಿಮಗೆ? ಸುಮ್ನೆ ಬಂದು ನೆರಳಲ್ಲಿ ಕೂತ್ಕೊಳ್ಳಿ.”

“ಒಂದೇ ಒಂದು ಗಂಟೆ ಕಣೇ. ಇಷ್ಟು ವರ್ಷ ದಡದಲ್ಲೇ ನಿಂತು ನೋಡಿದ್ದಾಯ್ತು.”

ಮಗಳು ತಾನೂ ಹೋಗುತ್ತೇನೆ ಎಂದು ಚಪ್ಪಲಿ ಬಿಟ್ಟಳು. ಮುದುಕಿ ತಲೆ ಎತ್ತದೆಯೇ “ಪೊಂಬಳೈಂಗ ಪಡಗುಲ ಏರಕ್ಕೂಡಾದು” ಎಂದಳು. ಹೆಂಗಸರು ದೋಣಿ ಹತ್ತುವುದು ಆ ಊರಿನಲ್ಲಿ ನಿಷಿದ್ಧ. ಮಗಳ ಮುಖ ಸಪ್ಪಗಾಯಿತು, ನನಗೆ ಅರ್ಧ ಜೀವ ಬಂತು. ಇವರು ಮಾತ್ರ ಪ್ಯಾಂಟು ಮಡಚಿಕೊಂಡು, ಫೋನು, ಹೆಗಲಚೀಲ ನನ್ನ ಕೈಗೆ ಕೊಟ್ಟು, ಬಕಲ್ ಕಿತ್ತುಹೋದ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಹಾಕಿಕೊಂಡು ಹತ್ತಿಯೇಬಿಟ್ಟರು. ಭಯಕ್ಕೆ ನನ್ನ ಬಾಯಿ ಎಂದಿನಂತೆ ಓಡಿತು.

“ಹೋಗಿ ಹೋಗಿ. ಬಿದ್ದು ಸತ್ರೆ ನನ್ನನ್ನ ಕರೀಬೇಡಿ!”

“ಅಮ್ಮಾ! ಬಿಡ್ತು ಅನ್ನು ಮಾ!” ಎಂದು ಮಗಳು ಚೀರಿದಳು. ಬಿಡ್ತು ಎಂದು ಅನ್ನುವಷ್ಟರಲ್ಲಿ ಎಂಜಿನ್ ಸದ್ದಿಗೆ ನನಗೇ ನನ್ನ ಮಾತು ಕೇಳಿಸಲಿಲ್ಲ. ದೋಣಿಯ ಮೂತಿ ಮೊದಲ ಅಲೆಗೆ ಆಕಾಶದ ಕಡೆ ಎದ್ದಿತು. ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅಲೆಗಳ ಆಚೆ ಎರಡು ತಲೆ ಕಂಡವು. ಆಮೇಲೆ ಅವೂ ಸಣ್ಣದಾದವು.

ಮುದುಕಿ ನನಗೊಂದು ಮಣೆ ಕೊಟ್ಟಳು. ಕೂತೆ. ಇವರ ಫೋನನ್ನು ಮರಳಿನಿಂದ ಕಾಪಾಡೋಣ ಎಂದು ಹೆಗಲಚೀಲದ ಜಿಪ್ ತೆಗೆದೆ. ಚಟ್ನಿಪುಡಿಯ ವಾಸನೆ ಬಂತು. ಟವೆಲ್ಲಿನ ಕೆಳಗೆ ಬಾಳೆ ಎಲೆಯಲ್ಲಿ ಸುತ್ತಿದ ಪೊಟ್ಟಣ. ಬಿಚ್ಚಿದರೆ ನಾಲ್ಕು ಇಡ್ಲಿ. ಬೆಳಿಗ್ಗೆ ನಾನು ಹಾಕಿಕೊಟ್ಟ ನಾಲ್ಕೇ ನಾಲ್ಕು, ಎಣ್ಣೆ ಸವರಿದ್ದು ಹಾಗೇ ಇತ್ತು.

ಮೊದಲು ಬಂದದ್ದು ಸಿಟ್ಟು. ನಾಲ್ಕು ಗಂಟೆಗೆ ಎದ್ದು ಬೇಯಿಸಿದ್ದನ್ನು ಕಾಗೆಗೆ ಹಾಕೋಣ ಅಂತ ಕಟ್ಟಿಟ್ಟುಕೊಂಡಿದ್ದಾರಲ್ಲ, ಬರಲಿ, ಮಾಡುತ್ತೇನೆ ಎಂದುಕೊಂಡೆ. ಇನ್ನೊಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಕಾಫಿ ನೆನಪಾಯಿತು. ಎಳನೀರು ನೆನಪಾಯಿತು. ಒಣಗಿದ ತುಟಿ, ತೊಳೆದಿಟ್ಟ ತಟ್ಟೆ.

“ಇವತ್ತು ಯಾವ ತಿಥಿ ನೋಡೇ. ಬೇಗ ನೋಡು.”

ಮಗಳು ಫೋನು ಒತ್ತಿದಳು. “ಏಕಾದಶಿ ಮಾ. ಏನ್ ಮಾ?”

ನಮ್ಮತ್ತೆ ಅರವತ್ತು ವರ್ಷ ಏಕಾದಶಿ ಮಾಡಿದವರು. ಅನ್ನವಿಲ್ಲ, ಹಣ್ಣಿಲ್ಲ, ತೊಟ್ಟು ನೀರೂ ಇಲ್ಲ. ಮಾರನೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಪಾರಣೆ. ಕೊನೆಯ ಆರು ತಿಂಗಳು ಮೂಗಿನಲ್ಲಿ ನಳಿಗೆ ಹಾಕಿ ಗಂಜಿ ಬಿಡುತ್ತಿದ್ದಾಗ “ನನ್ನ ಏಕಾದಶಿ ಕೆಡಿಸ್ತಿದೀರಲ್ಲೋ” ಎಂದು ಸನ್ನೆ ಮಾಡಿ ಅಳುತ್ತಿದ್ದರು. ಅವರು ಹೋಗಿ ವೈಕುಂಠ ಸಮಾರಾಧನೆ ಮುಗಿದ ವಾರ ಇವರು ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದ್ದರು: “ಇನ್ಮೇಲೆ ನಾನು ಏಕಾದಶಿ ಮಾಡೋಣ ಅಂತಿದೀನಿ. ಅಮ್ಮನಿಗೆ ಮಾತು ಕೊಟ್ಟಿದ್ದೆ.”

ಆಗ ನಾನು ಆಡಿದ್ದು ಪೂರ್ತಿ ನೆನಪಿದೆ. “ಸಾಯೋಕೆ ಬೇರೆ ದಾರಿ ಸಿಗಲಿಲ್ವಾ? ಇಷ್ಟು ದಿನ ಇಲ್ಲದ ಆಚಾರ ಈಗೆಲ್ಲಿಂದ ಬಂತು? ಇನ್ನೊಂದ್ಸಲ ಬಚ್ಚಲಲ್ಲಿ ಬಿದ್ರೆ ನಾನು ಎತ್ತೋಳಲ್ಲ, ಹೇಳಿದೀನಿ” ಎಂದಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವರು ತಲೆ ಬಗ್ಗಿಸಿ ಊಟ ಮುಗಿಸಿ ಎದ್ದರು. ಮತ್ತೆ ಆ ವಿಷಯ ಎತ್ತಲಿಲ್ಲ. ಕೈಬಿಟ್ಟರು ಎಂದೇ ನಾನು ತಿಳಿದದ್ದು.

ಕೈಬಿಟ್ಟಿರಲಿಲ್ಲ, ನನ್ನಿಂದ ಬಚ್ಚಿಟ್ಟಿದ್ದರು. ಹೇಳಿದ್ದರೆ ನಾನು ಅವತ್ತು ಮಾತ್ರೆ ಕೊಡುತ್ತಿರಲಿಲ್ಲ. ಬೇಡ ಎಂದು ಅವರೇ ಹೇಳಿದ್ದರೂ ನನಗೆ ಗುಟ್ಟು ಗೊತ್ತಾಗಿಬಿಡುತ್ತಿತ್ತು. ಅದಕ್ಕೇ, ಉಪವಾಸ ನನಗೆ ಗೊತ್ತಾಗಬಾರದೆಂದು, ನನ್ನ ಕಣ್ಣೆದುರಿಗೇ ಮಾತ್ರೆ ಬಾಯಿಗೆ ಹಾಕಿಕೊಂಡು, ನೀರೊಂದು ಗುಟುಕು ಕುಡಿದು, ಇಡ್ಲಿ ಕಟ್ಟಿಟ್ಟುಕೊಂಡಿದ್ದರು. ಬೇರೆ ಏಕಾದಶಿಗಳಲ್ಲಿ ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ಆಮೇಲೆ ಉಗಿಯುತ್ತಿದ್ದರಂತೆ, ಊಟದ ಹೊತ್ತಿಗೆ ಏನಾದರೊಂದು ನೆಪ ಹೇಳಿ ಹೊರಗೆ ಹೋಗುತ್ತಿದ್ದರಂತೆ. ಅವತ್ತು ಹೊರಡುವ ಗಡಿಬಿಡಿಯಲ್ಲಿ ಒಳಗೆ ಇಳಿದುಹೋಯಿತಂತೆ. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಆ ಕ್ಷಣಕ್ಕೆ ತಿಳಿದದ್ದು ಇಷ್ಟೆ: ಮಾತ್ರೆ ನುಂಗಿ ಐದು ಗಂಟೆಯಾಗಿದೆ, ಹೊಟ್ಟೆಯಲ್ಲಿ ಏನೂ ಇಲ್ಲ, ಮನುಷ್ಯ ಸಮುದ್ರದ ಮಧ್ಯೆ ಇದ್ದಾರೆ, ಗ್ಲೂಕೋಸು ನನ್ನ ಕೈಚೀಲದಲ್ಲಿದೆ.

ಎದ್ದು ಮೀನಿನ ಚಾಪೆಯ ಕಡೆ ಓಡಿದೆ.

“ನಿಮ್ಮ ಮಗನ ಫೋನ್ ನಂಬರ್ ಕೊಡಿ” ಎಂದು ಮುದುಕಿಯನ್ನು ಕೇಳಿದೆ. ಮಗಳು ಆ ನಂಬರಿಗೆ ಕರೆ ಮಾಡಿದಳು. ನಮ್ಮ ಬೆನ್ನ ಹಿಂದಿನ ಮನೆಯೊಳಗೇ ಸಿನಿಮಾ ಹಾಡು ಮೊಳಗಿತು. ಮುದುಕಿ ಓಡಿಹೋಗಿ, ಚಾರ್ಜಿಗೆ ಹಾಕಿದ್ದ ಫೋನನ್ನು ವೈರು ಸಮೇತ ಕಿತ್ತು ತಂದು, ಬಡಿದುಕೊಳ್ಳುತ್ತಿದ್ದ ಅದನ್ನು ನಮ್ಮ ಮುಂದೆ ಹಿಡಿದು ನಿಂತಳು. ಅಯ್ಯೋ ದೇವರೇ ಎಂದು ನಾನು ಮರಳಿನ ಮೇಲೆ ಕುಕ್ಕರಿಸಿದೆ.

“ಮಾತ್ರೆ ನುಂಗಿದಾರೆ, ಏನೂ ತಿಂದಿಲ್ಲ” ಎಂದೆ. “ಸುಗರಾ?” ಎಂದಳು ಮುದುಕಿ, ಸಕ್ಕರೆ ಕಾಯಿಲೆಯಾ ಎಂದು. ಹೌದು ಎಂದೆ. ಅವಳು ಇನ್ನೇನೂ ಕೇಳಲಿಲ್ಲ. ಬಲೆ ಚಪ್ಪರದ ಕಡೆ ತಿರುಗಿ ಒಂದು ಕೂಗು ಹಾಕಿದಳು. ಅಷ್ಟು ಸಣ್ಣ ದೇಹದಿಂದ ಅಂಥ ಕೂಗು ಬರುತ್ತದೆಂದು ನಾನು ಎಣಿಸಿರಲಿಲ್ಲ. ಆರೇಳು ಜನ ಗಂಡಸರು ಬಂದರು. ಬಂದವರು ದೋಣಿ ತಳ್ಳಿಬಿಡುತ್ತಾರೆ ಎಂದು ನಾನು ಅಂದುಕೊಂಡಿದ್ದೆ. ಆದರೆ ಆ ಊರಿನಲ್ಲಿ ದೋಣಿ ದಡಕ್ಕೆ ಬಂದ ಕೂಡಲೇ ಎಂಜಿನ್ ಬಿಚ್ಚಿ ಮನೆಗೆ ಹೊತ್ತುಕೊಂಡು ಹೋಗಿ ಒಳಗಿಡುತ್ತಾರೆ. ಎಂಜಿನ್ ತರಬೇಕು, ಎಣ್ಣೆ ತುಂಬಬೇಕು, ಕಟ್ಟಬೇಕು. ಇಬ್ಬರು ಓಡಿದರು. ಮುದುಕಿ ಒಂದು ಬಿದಿರು ಗಳಕ್ಕೆ ನಮ್ಮ ಕೆಂಪು ಟವೆಲ್ ಕಟ್ಟಿ, ದೋಣಿಯೊಂದರ ಅಂಚಿನ ಪಕ್ಕ ಎತ್ತರದ ಮರಳಿನ ಮೇಲೆ ನಿಂತು, ಬೀಸತೊಡಗಿದಳು. ದಡದಲ್ಲಿ ಬಟ್ಟೆ ಬೀಸಿದರೆ ಕಡಲಿನಲ್ಲಿದ್ದವರು ಕೈಯಲ್ಲಿದ್ದ ಕೆಲಸ ಬಿಟ್ಟು ಬರಬೇಕು ಎನ್ನುವುದು ಅವರ ಪದ್ಧತಿಯಂತೆ. ಆದರೆ ಬಲೆ ಎತ್ತುವವನು ದಡದ ಕಡೆ ನೋಡಬೇಕಲ್ಲ?

“ಟೆನ್ಷನ್ ಆಗಾದೇ ಮಾ” ಎಂದಳು ಮಗಳು, ಗಾಬರಿಯಾಗಬೇಡ ಎಂದು. ಅವಳು ಮಾತ್ರ ಮನೆಯಲ್ಲೇ ಇದ್ದ ಆ ಫೋನಿಗೆ ಮತ್ತೆ ಕರೆ ಮಾಡುತ್ತಿದ್ದಳು.

ನಾನು ಎಲ್ಲ ದೇವರನ್ನೂ ಕರೆದೆ. ಶ್ರೀನಿವಾಸಾ, ಕೃಷ್ಣಾ, ಇವರ ಉಪವಾಸ ನಿನಗೇ ಅಲ್ಲವೇನಪ್ಪಾ, ಇದೇನಾ ನೀನು ಕೊಡೋ ಫಲ ಎಂದು ಅವನನ್ನೂ ಬೈದೆ. ಬೈದು ಹೆದರಿ ಕೆನ್ನೆ ಬಡಿದುಕೊಂಡೆ. ನಾಚಿಕೆಗೇಡಿನ ಇನ್ನೊಂದು ಸಂಗತಿ ಇದೆ, ಅದನ್ನೂ ಬರೆದುಬಿಡುತ್ತೇನೆ. ನನ್ನ ಹಾಳು ತಲೆ ಅಲ್ಲಿ ನಿಂತುಕೊಂಡೇ ಕ್ಲೇಮ್ ಫಾರಂ ತುಂಬತೊಡಗಿತು. ಸಾವಿನ ಕಾರಣ: ನೀರಿನಲ್ಲಿ ಬಿದ್ದದ್ದೋ, ಕಾಯಿಲೆಯೋ? ಕೊನೆಯ ಬಾರಿ ಆಹಾರ ಸೇವಿಸಿದ್ದು ಯಾವಾಗ? ಔಷಧಿ ಕೊಟ್ಟವರು ಯಾರು? ಕೊಟ್ಟವಳು ನಾನು. ನಾನೇ ಅಂಗೈಗೆ ಹಾಕಿ, ಒಳಗೆ ಇಳಿಯುವವರೆಗೂ ನಿಂತು ನೋಡಿದ್ದೆ.

ಎಂಜಿನ್ ಬರುವುದಕ್ಕೆ ಇಪ್ಪತ್ತು ನಿಮಿಷವಾಯಿತು. ಗ್ಲೂಕೋಸ್ ಪೊಟ್ಟಣವನ್ನು ದೋಣಿ ಹತ್ತಿದ ಇಬ್ಬರಲ್ಲಿ ಒಬ್ಬನ ಅಂಗಿಯ ಜೇಬಿಗೆ ನಾನೇ ತುರುಕಿದೆ. “ಬೇಡ ಅಂತಾರೆ, ಕೇಳ್ಬೇಡಿ. ಏಕಾದಶಿ ಅಂತಾರೆ, ಕೇಳ್ಬೇಡಿ. ಬಾಯಿಗೆ ಹಾಕಿ” ಎಂದು ಕನ್ನಡದಲ್ಲೇ ಹೇಳುತ್ತಿದ್ದೆ. ಮಗಳು ಪಕ್ಕದಲ್ಲಿ ನಿಂತು ಅದನ್ನು ತಮಿಳಿಗೆ ತಿರುಗಿಸಿದಳು. ಉಳಿದವರೆಲ್ಲ ಹೆಗಲು ಕೊಟ್ಟು ತಳ್ಳಿದರು. ಆ ದೋಣಿಯೂ ಅಲೆ ದಾಟಿ ಹೋಯಿತು.

ಆಮೇಲೆ ಕಾಯುವುದು. ಬಿಸಿಲಿಗೆ ನೀರೆಲ್ಲ ಹೊಳೆಯುತ್ತಿತ್ತು, ಯಾವುದು ದೋಣಿ ಯಾವುದು ಅಲೆ ಗೊತ್ತಾಗುತ್ತಿರಲಿಲ್ಲ. ಅಕ್ಕಪಕ್ಕದ ಮನೆಗಳ ಹೆಂಗಸರು ಒಬ್ಬೊಬ್ಬರೇ ಬಂದು ನನ್ನ ಸುತ್ತ ನಿಂತರು. ಅಳುತ್ತಿದ್ದ ಮಗುವೊಂದನ್ನು ಅದರ ತಾಯಿ ಬಾಯಿ ಮುಚ್ಚಿ ಸುಮ್ಮನಾಗಿಸಿದಳು. ಅವರು ಹಾಗೆ ನಿಂತದ್ದು ಅದೇ ಮೊದಲಲ್ಲ ಎನ್ನುವುದು ಅವರು ನಿಂತ ರೀತಿಯಲ್ಲೇ ತಿಳಿಯುತ್ತಿತ್ತು. ಅದು ನನ್ನನ್ನು ಇನ್ನೂ ಹೆದರಿಸಿತು.

“ಬರ್ತಿದೆ” ಎಂದು ಗಳ ಹಿಡಿದ ಮುದುಕಿ ಕೂಗಿದಳು. ಎರಡು ದೋಣಿಗಳು. ಹಿಂದಿನದರಲ್ಲಿ ಇಬ್ಬರು ನಿಂತಿದ್ದರು, ಅವರು ಹುಡುಕಲು ಹೋದವರು. ಮುಂದಿನದು ನಮ್ಮದು. ಅದರ ಹಿಂಬದಿಯಲ್ಲಿ ಎಂಜಿನ್ ಹಿಡಿದು ಮೀನುಗಾರ ನಿಂತಿದ್ದ. ಬೇರೆ ತಲೆ ಇರಲಿಲ್ಲ. ನಾನು ಕಣ್ಣುಜ್ಜಿ ಮತ್ತೆ ನೋಡಿದೆ. ಒಂದೇ ತಲೆ. ಹೋದಾಗ ಎರಡಿತ್ತು.

“ಎಲ್ಲೇ ನಿಮ್ಮಪ್ಪ?” ಎಂದೆ. ಮಗಳು ನನ್ನ ತೋಳು ಹಿಡಿದಳು. ಅವಳೂ ಎಣಿಸಿದ್ದಳು. ನಾನು ತೋಳು ಬಿಡಿಸಿಕೊಂಡು ಮುಂದೆ ಹೋದೆ. ಸೀರೆ ಕಾಲಿಗೆ ಸುತ್ತಿಕೊಂಡು ಭಾರವಾದಾಗಲೇ ತಿಳಿದದ್ದು, ತೊಡೆಯವರೆಗೆ ನೀರಿನಲ್ಲಿದ್ದೇನೆ ಎಂದು. ಒಂದು ಅಲೆ ಎದೆಗೆ ಬಡಿದು ಹಿಂದಕ್ಕೆ ದೂಡಿತು. ಮುದುಕಿ ನನ್ನ ಸೆರಗು ಹಿಡಿದು ಎಳೆಯುತ್ತಿದ್ದಳು. “ಒಣ್ಣುಂ ಆಗಾದು ಮಾ, ಒಣ್ಣುಂ ಆಗಾದು” ಎಂದು ಒಂದೇ ಸಮನೆ ಹೇಳುತ್ತಿದ್ದಳು, ಏನೂ ಆಗುವುದಿಲ್ಲ ಎಂದು. ಅವಳಿಗೆ ಹೇಗೆ ಗೊತ್ತು? ಯಾರಿಗೆ ಗೊತ್ತು?

ದೋಣಿ ಅಲೆಯ ಬೆನ್ನೇರಿ ಬಂದು ಮರಳಿಗೆ ನುಗ್ಗಿ ನಿಂತಿತು. ಇಣುಕಿದೆ. ದೋಣಿಯ ತಳದಲ್ಲಿ, ಒದ್ದೆ ಬಲೆಯ ರಾಶಿಯ ಮೇಲೆ ಇವರು ಮಲಗಿದ್ದರು. ಮುಖ ಬೂದಿ ಬಣ್ಣ. ಅಂಗಿ ಬೆವರಿಗೆ ಮೈಗಂಟಿತ್ತು. ಕಣ್ಣು ತೆರೆದಿತ್ತು. ಮೀಸೆಯಲ್ಲಿ ಅನ್ನದ ಅಗುಳು, ಗಲ್ಲದ ಮೇಲೆ ಗ್ಲೂಕೋಸಿನ ಬಿಳಿ ಪುಡಿ. ಎದೆ ಏರಿ ಇಳಿಯುತ್ತಿತ್ತು. ಬದುಕಿದ್ದರು.

ಮೀನುಗಾರ ನನ್ನ ಮುಂದೆ ಕೈಮುಗಿದು ನಿಂತ. ತಮಿಳಿನಲ್ಲಿ, ಉಸಿರು ಬಿಡದೆ ಹೇಳಿದ. “ಅಮ್ಮಾ, ಮನ್ನಿಸಬೇಕು. ಸಾರ್ ಮಾತು ತೊದಲೋಕೆ ಶುರುವಾಯ್ತು. ನಮ್ಮಪ್ಪನಿಗೂ ಸುಗರ್ ಇತ್ತು, ನನಗೆ ಗೊತ್ತಾಯ್ತು. ಬೋಟಲ್ಲಿ ನನ್ನ ತಂಗಳನ್ನ ಬಿಟ್ರೆ ಏನೂ ಇರಲಿಲ್ಲ. ಅದರಲ್ಲಿ ಒಣಮೀನು ಇತ್ತಮ್ಮಾ. ಆರಿಸಿ ಬಿಸಾಕಿದೆ, ಸತ್ಯವಾಗಲೂ ಆರಿಸಿ ಬಿಸಾಕಿದೆ. ಆದರೂ ಆ ಗಂಜಿನೇ ಅಲ್ವಾ. ಬಾಯಿ ಬಿಡಲಿಲ್ಲ, ಮೂಗು ಹಿಡಿದು ಕುಡಿಸಿದೆ. ಐಯರ್ ಮನೆಯವರು ನೀವು, ತಪ್ಪಾಗಿದ್ರೆ…”

ಏಕಾದಶಿಯ ದಿನ ಅನ್ನ. ಅದೂ ತಂಗಳು, ಅದೂ ಮೀನು ಬಿದ್ದದ್ದು. ನಮ್ಮತ್ತೆ ಕೇಳಿದ್ದರೆ ಅಲ್ಲೇ ಎದೆಯೊಡೆದುಕೊಳ್ಳುತ್ತಿದ್ದರು. ನಾನು ಅವನ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡೆ. ಮೀನು ವಾಸನೆಯ ಆ ಕೈಗಳನ್ನು ಬಿಡುವುದಕ್ಕೇ ನನ್ನಿಂದ ಆಗಲಿಲ್ಲ.

“ಬೆವರೋಕೆ ಶುರುವಾದಾಗಲೇ ತಿರುಗಿಸ್ಲಾ ಅಂತ ಕೇಳಿದೆನಮ್ಮಾ” ಎಂದ ಅವನು. “ಆಗ ದಡ ಕಾಣ್ತಾನೇ ಇತ್ತು. ಹತ್ತೇ ನಿಮಿಷದಲ್ಲಿ ತಂದುಬಿಡ್ತಿದ್ದೆ. ಸಾರೇ ಬೇಡ ಅಂದ್ರು. ‘ಸ್ವಲ್ಪ ಹೊತ್ತು ಇಲ್ಲೇ ಇರೋಣ, ಸರಿ ಹೋದ ಮೇಲೆ ಹೋಗೋಣ. ಹೀಗೆ ಹೋದ್ರೆ ನಮ್ಮ ಮನೆಯವರಿಗೆ ಗೊತ್ತಾಗಿಬಿಡತ್ತೆ, ಬೈತಾರೆ’ ಅಂದ್ರು.”

ಸುತ್ತ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಪತ್ತು ಕಳೆಯಿತೆಂದು ಎಲ್ಲರೂ ಹಗುರಾಗಿದ್ದರು. ಅವನೂ ನಗಲು ನೋಡಿದ. ನನಗೆ ಮಾತ್ರ ನೀರಿನಲ್ಲಿ ನಿಂತಾಗಲೂ ಹುಟ್ಟದಿದ್ದ ನಡುಕ ಆಗ ಹುಟ್ಟಿತು.

ದೋಣಿಯ ಅಂಚು ಹಿಡಿದು ಇವರ ಮುಖದ ಮೇಲೆ ಬಗ್ಗಿದೆ. ನನ್ನನ್ನು ಗುರುತು ಹಿಡಿಯಲು ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ಗುರುತು ಸಿಕ್ಕ ಕೂಡಲೇ ಬಲಗೈ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. “ಬೈಬೇಡ ಕಣೇ” ಎಂದರು.

ಪಾಂಡಿಚೇರಿ ಅಲ್ಲಿಗೇ ಮುಗಿಯಿತು. ದಾರಿಯಲ್ಲಿ ಸಿಕ್ಕ ಸಣ್ಣ ಆಸ್ಪತ್ರೆಯಲ್ಲಿ ಎರಡು ಗಂಟೆ ಮಲಗಿಸಿ, ಎರಡು ಸಲ ರಕ್ತ ನೋಡಿ, ಅಪಾಯವಿಲ್ಲ ಎಂದು ಕಳಿಸಿದರು. ಹಿಂದಿನ ಸೀಟಿನಲ್ಲಿ ಇವರು ನನ್ನ ಹೆಗಲಿಗೆ ಒರಗಿದ್ದರು. ಮಹಾಬಲಿಪುರ ದಾಟಿತು, ಕೋವಳಂ ದಾಟಿತು, ನನ್ನ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ನಾನು ಸುಮ್ಮನಿರುವುದನ್ನು ನೋಡಿ ಇವರು ಇನ್ನಷ್ಟು ಮುದುಡಿಕೊಂಡರು. ಕೊನೆಗೆ ಕೇಳಿದೆ.

“ಸಾಯೋದಕ್ಕಿಂತ ಹೆಚ್ಚಾಗಿ ಹೆದರ್ತೀರೇನ್ರೀ ನನಗೆ?”

ಇವರು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದವರ ಹಾಗೆ ಮಾಡಿದರು. ಮುಂದಿನ ಸೀಟಿನಿಂದ ಮಗಳು, ರಸ್ತೆಯ ಮೇಲಿನ ಕಣ್ಣು ತೆಗೆಯದೆ, “ಎನಕ್ಕುಂ ಭಯಂ ದಾನ್ ಮಾ” ಎಂದಳು. ಇಪ್ಪತ್ತೆಂಟು ವರ್ಷದ ಮಗಳು, ನನಗೂ ಭಯವೇ ಅಮ್ಮಾ ಎಂದಳು. ಇಷ್ಟು ಕಾಲ ಆ ಮನೆಯಲ್ಲಿ ಹೆದರಿಕೊಂಡು ಬದುಕುತ್ತಿರುವವಳು ನಾನೊಬ್ಬಳೇ ಎಂದು ನಾನು ತಿಳಿದಿದ್ದೆ.

ಸೋಮವಾರ ಡಾಕ್ಟರ ಹತ್ತಿರ ಹೋದೆವು. ಇವರು ಹೇಳಲಾರದ್ದನ್ನು ನಾನೇ ಹೇಳಿದೆ. ನಿರ್ಜಲ ಉಪವಾಸ ಖಂಡಿತ ಕೂಡದು, ಮಾಡಲೇಬೇಕೆಂದರೆ ಆ ದಿನ ಆ ಮಾತ್ರೆ ಬೇಡ, ಹೊತ್ತುಹೊತ್ತಿಗೆ ಹಾಲು ಹಣ್ಣು ಬಿಡಬಾರದು ಎಂದು ಡಾಕ್ಟರು ಚೀಟಿಯಲ್ಲಿ ಬರೆದುಕೊಟ್ಟರು. ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ಇವರ ಎದುರಿಗೇ ಅಂಟಿಸಿದೆ. ಮುಂದಿನ ಏಕಾದಶಿ ಬಂದಾಗ ನನಗೆ ಹೇಳಿ, ನಾನೇನೂ ಅನ್ನೋದಿಲ್ಲ ಎಂದೂ ಹೇಳಿದೆ.

ಮುಂದಿನ ದಶಮಿಯ ಸಂಜೆ ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದೆ. ಇವರು ಅಡುಗೆಮನೆಯ ಬಾಗಿಲಿಗೆ ಬಂದರು. “ನಾಳೆ ಏಕಾದಶಿ” ಎಂದರು. “ಆಯ್ತು, ಪಪ್ಪಾಯಿ ತಂದಿಟ್ಟಿದೀನಿ” ಎಂದೆ, ಎಷ್ಟು ಮೆತ್ತಗೆ ಹೇಳಲು ಬರುತ್ತದೋ ಅಷ್ಟು ಮೆತ್ತಗೆ. ಅವರು ತಲೆಯಾಡಿಸಿದರು. ಆದರೆ ಒಳಗೆ ಬರಲಿಲ್ಲ. ಒಂದು ಕಾಲು ಹೊಸ್ತಿಲಿನ ಆಚೆಗೇ ಇಟ್ಟುಕೊಂಡು, ಚೌಕಟ್ಟು ಹಿಡಿದುಕೊಂಡು, ಇನ್ನೂ ನನ್ನ ಮುಖವನ್ನೇ ನೋಡುತ್ತಿದ್ದರು.